ಮೈಲೇಜ್ ಮೀಟರ್ ತಗೊಳ್ಳೋದಾ ಬೇಡ್ವಾ

ಮಾರ್ಚ್ 9ನೇ ತಾರೀಕು ಡೈರೀಲಿ ಕಾರಿನ ಮೈಲೇಜ್ ಲೀಟರಿಗೆ 13.3 ಕಿಲೋಮೀಟರ್ ಅಂತ ಬರ್ದೆ. ಬರೆದು ಎರಡು ನಿಮಿಷ ಹಾಗೇ ನೋಡ್ತಾ ಕೂತಿದ್ದೆ. ಹಿಂದಿನ ಪುಟಗಳಲ್ಲಿ 15.1, 15.4, 15.2 ಅಂತ ಸಾಲಾಗಿ ಇದ್ದಿದ್ದು ಈ ವರ್ಷ 14ಕ್ಕೆ ಬಂದು ಈಗ 13.3ಕ್ಕೆ ಇಳಿದಿತ್ತು. ನಂಗೆ ತಿಂಗಳಿಗೆ ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್ ಓಡಾಟ ಇದೆ, ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಗೆ ದಿನಾ ಕಾಲೇಜಿಗೆ ಹೋಗಿ ಬರೋದು, ಮಗಳ ಸ್ಕೂಲು, ಸಂತೆ, ತಿಂಗಳಿಗೊಂದ್ಸಲ ಅಪ್ಪನ ಡಾಕ್ಟರ್. 15.2 ಇದ್ದಾಗ ಸಾವಿರ ಕಿಲೋಮೀಟರಿಗೆ 66 ಲೀಟರ್ ಸಾಕಿತ್ತು, 13.3 ಅಂದ್ರೆ 75 ಲೀಟರ್ ಬೇಕು. ಪೆಟ್ರೋಲ್ 103 ರೂಪಾಯಿ ಹತ್ತಿರ ಇರೋವಾಗ ಒಂಬತ್ತು ಲೀಟರ್ ಅಂದ್ರೆ ತಿಂಗಳಿಗೆ 900 ರೂಪಾಯಿ ಮೇಲೇ ಆಯ್ತು. ನಮ್ಮನೆ ಹಾಲಿನ ಬಿಲ್ಲಿನ ಅರ್ಧ ಅದು.

ಈ ಡೈರಿ ಅಭ್ಯಾಸ ಅಪ್ಪಂದು. ಅವರು ಸ್ಕೂಟರ್ ಕಾಲದಿಂದ ಬರೀತಿದ್ರು, ನಂಗೆ ಕಾರು ಕೊಡಿಸಿದ ದಿನ ಕೈಗೊಂದು ಎಲ್ಐಸಿ ಡೈರಿ ಇಟ್ಟು "ಪುಟ್ಟಿ, ಟ್ಯಾಂಕ್ ಫುಲ್ ಮಾಡ್ಸು, ಕಟ್ ಆಗ್ತಿದ್ದಂಗೆ ನಿಲ್ಸು ಅನ್ನು, ಮೇಲೆ ಒಂದು ಹನಿ ಹಾಕಿಸ್ಬೇಡ, ಕಿಲೋಮೀಟರ್ ಬರ್ಕೋ, ಮುಂದಿನ ಸಲ ಅದೇ ಬಂಕು ಅದೇ ಪಂಪು" ಅಂದಿದ್ರು. ಓಡಿದ ಕಿಲೋಮೀಟರನ್ನ ಎರಡನೇ ಸಲ ಹಾಕಿಸಿದ ಲೀಟರಿಂದ ಭಾಗಿಸಿದ್ರೆ ಮುಗೀತು. ಹತ್ತು ವರ್ಷದ ಲೆಕ್ಕ ನನ್ ಹತ್ರ ಇದೆ, ಇದು ಮುಂದೆ ಎಷ್ಟು ಕೆಲಸಕ್ಕೆ ಬಂತು ಅಂತ ಹೇಳ್ತೀನಿ.

ನಮ್ದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್, ಬೇಸ್ ಮಾಡೆಲ್. ಡ್ಯಾಶ್‌ಬೋರ್ಡಲ್ಲಿ ಸ್ಪೀಡು, ಕಿಲೋಮೀಟರು, ಪೆಟ್ರೋಲ್ ಮುಳ್ಳು, ನಾಲ್ಕಾರು ಲೈಟು, ಅಷ್ಟೇ. ಇಂಜಿನ್ ಎಷ್ಟು ಬಿಸಿ ಇದೆ ಅಂತ ತೋರ್ಸೋ ಮುಳ್ಳು ಕೂಡ ಇಲ್ಲ, ತಣ್ಣಗಿದ್ರೆ ಒಂದು ನೀಲಿ ಲೈಟು ಸ್ವಲ್ಪ ಹೊತ್ತು ಇರುತ್ತೆ, ಅತಿ ಬಿಸಿಯಾದ್ರೆ ಕೆಂಪು ಲೈಟು. ಕಾಲೇಜಲ್ಲಿ ಕೆಮಿಸ್ಟ್ರಿ ಮೇಡಂ ಹೊಸ ಕಾರಲ್ಲಿ ಈಗ ಎಷ್ಟು ಮೈಲೇಜ್ ಬರ್ತಿದೆ ಅಂತ ಕ್ಷಣಕ್ಷಣಕ್ಕೂ ಸ್ಟಿಯರಿಂಗ್ ಹಿಂದೇನೇ ತೋರ್ಸುತ್ತೆ, ಅದು ನೋಡಿ ನಂಗೂ ಒಂದು ಮೀಟರ್ ಹಾಕಿಸ್ಬೇಕು ಅನ್ನಿಸ್ತು. ಆನ್‌ಲೈನಲ್ಲಿ ನೋಡಿದ್ರೆ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸೋ ಡಿಜಿಟಲ್ ಮೀಟರ್ ಒಂದು, ನಂಗೆ ಇಷ್ಟ ಆಗಿದ್ದು, 6,800 ರೂಪಾಯಿ. ಅಮೆರಿಕದವರು ಬಳಸೋ ಸ್ಕ್ಯಾನ್‌ಗೇಜ್ ತರದ್ದು ಇನ್ನೂ ದುಬಾರಿ. ಕಾರ್ಟಿಗೆ ಹಾಕಿ ಎರಡು ವಾರ ಹಾಗೇ ಬಿಟ್ಟಿದ್ದೆ. ತಗೊಳ್ಳೋ ಮೊದ್ಲು ಅದು ನಿಜವಾಗ್ಲೂ ಏನು ಅಳೆಯುತ್ತೆ ಅಂತ ತಿಳ್ಕೊಳ್ಳೋಣ ಅಂತ ಕೂತೆ, ಆ ಎರಡು ವಾರ ತುಂಬಾ ಒಳ್ಳೇದಾಯ್ತು.

ಯಾಕಂದ್ರೆ ನಾನು ಅಂದ್ಕೊಂಡಿದ್ದು ಇದು ಪೆಟ್ರೋಲ್ ಪೈಪಿಗೆ ಏನೋ ಕೂರಿಸಿ ಎಷ್ಟು ಹರೀತಿದೆ ಅಂತ ಅಳೆಯುತ್ತೆ ಅಂತ. ಹಾಗಲ್ಲ. ಸ್ಟಿಯರಿಂಗ್ ಕೆಳಗೆ, ಮೊಣಕಾಲ ಹತ್ರ, 16 ಪಿನ್ನಿನ ಒಂದು ಸಾಕೆಟ್ ಇರುತ್ತೆ, ಒಬಿಡಿ ಪೋರ್ಟು ಅಂತಾರೆ, ಸರ್ವಿಸ್ ಸೆಂಟರಲ್ಲಿ ಕಂಪ್ಯೂಟರ್ ಹಾಕಿ ಚೆಕ್ ಮಾಡೋದು ಅಲ್ಲೇ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಒಬಿಡಿ-2 ಕಡ್ಡಾಯ, ನಮ್ಮಲ್ಲಿ ಬಿಎಸ್4 ಅನ್ನೋ ಹೊಗೆ ನಿಯಮದ ಗಾಡಿಗಳಿಗೆ 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಗಾಡೀಲಿ ಸಾಕೆಟ್ ಇದ್ರೂ ಎಲ್ಲಾ ಮೀಟರಿಗೂ ಉತ್ತರ ಕೊಡುತ್ತೆ ಅನ್ನೋ ಹಾಗಿಲ್ಲ. ಮೀಟರ್ ಆ ಸಾಕೆಟ್‌ನಿಂದ ಇಂಜಿನ್ ಕಂಪ್ಯೂಟರನ್ನ ಕೇಳೋದು: ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಒಳಗೆ ಎಷ್ಟು ಗಾಳಿ ಹೋಗ್ತಿದೆ. ಕೆಲವು ಕಾರಲ್ಲಿ ಗಾಳಿ ಅಳೆಯೋ ಸೆನ್ಸರೇ ಇರುತ್ತೆ, ನಮ್ಮಂಥ ಚಿಕ್ಕ ಕಾರಲ್ಲಿ ಅದಿಲ್ಲ, ಮ್ಯಾನಿಫೋಲ್ಡ್ ಅಂದ್ರೆ ಇಂಜಿನ್ನಿಗೆ ಗಾಳಿ ಹೋಗೋ ಕೊಳವೆ, ಅದರೊಳಗಿನ ಪ್ರೆಶರ್ ಅಳೆದು ಅದರಿಂದ ಗಾಳಿ ಇಷ್ಟಿರಬಹುದು ಅಂತ ಲೆಕ್ಕ ಹಾಕೋದು. ಆಮೇಲೆ ಆ ಗಾಳಿಯ ತೂಕವನ್ನ 14.7ರಿಂದ ಭಾಗಿಸ್ತಾರೆ, ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು ಅನ್ನೋ ಲೆಕ್ಕ. ಅಲ್ಲಿಗೆ ಪೆಟ್ರೋಲ್ ಎಷ್ಟು ಅಂತ ಬಂತು, ಸ್ಪೀಡಿಂದ ಮೈಲೇಜ್ ಬಂತು.

ಅಂದ್ರೆ ಅದು ಅಳತೆ ಅಲ್ಲ, ಅಂದಾಜು.

ಇದು ಗೊತ್ತಾದ್ಮೇಲೆ 6,800 ಕೊಡೋಕೆ ಕೈ ಹಿಂದೇಟು ಹಾಕ್ತು. ಅಪ್ಪಂಗೆ ಹೇಳಿದ್ರೆ, ಅವರ ಕಾಲದಲ್ಲೂ ಇಂಥದ್ದು ಇತ್ತಂತೆ, ಅವರ ಸ್ನೇಹಿತರೊಬ್ಬರ ಕಾರಲ್ಲಿ ವ್ಯಾಕ್ಯೂಮ್ ಗೇಜ್ ಅಂತ ಒಂದು ದುಂಡು ಮೀಟರ್ ಹಾಕಿಸ್ಕೊಂಡಿದ್ರು, ಹಸಿರು ಕೆಂಪು ಬಣ್ಣ ಬಳಿದಿದ್ದು, ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಮುಳ್ಳು ಕೆಂಪಿಗೆ ಹೋಗೋದು. ಅದು ಅಳೀತಿದ್ದಿದ್ದೂ ಮ್ಯಾನಿಫೋಲ್ಡ್ ಒಳಗಿನ ಪ್ರೆಶರನ್ನೇ, ನಮ್ಮ ಕಾರಿನ ಸೆನ್ಸರ್ ಅಳೆಯೋದೂ ಅದನ್ನೇ. ಆಗ ರಬ್ಬರ್ ಪೈಪು, ಈಗ ಚಿಪ್ಪು.

ಅಷ್ಟರಲ್ಲಿ ನನ್ನ ಮೈದುನ ಬೆಂಗಳೂರಿಂದ ಬಂದಿದ್ದ. ವಿಷಯ ಕೇಳಿ "ಅತ್ತಿಗೆ, ಅಷ್ಟು ದುಡ್ಡು ಯಾಕೆ ಹಾಕ್ತೀರಾ, ನನ್ ಹತ್ರ ಬ್ಲೂಟೂತ್ ಡಾಂಗಲ್ ಇದೆ, ಒಂದ್ ತಿಂಗಳು ಇಟ್ಕೊಂಡು ನೋಡಿ" ಅಂತ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಿರೋ ನೀಲಿ ಡಬ್ಬಿ ಕೊಟ್ಟ. ಇಎಲ್‌ಎಂ327 ಅಂತ ಬರೆದಿರೋವು ಸಿಗ್ತಾವಲ್ಲ, ಅದೇ, 700-800 ರೂಪಾಯಿಗೆ. ಸಾಕೆಟ್ಟಿಗೆ ಸಿಗಿಸಿ, ಫೋನಿಗೆ ಪೇರ್ ಮಾಡಿ, ಒಂದು ಆ್ಯಪ್ ಹಾಕ್ಕೊಂಡ್ರೆ ಆಯ್ತು. ನಂದು ಆಂಡ್ರಾಯ್ಡ್ ಆದ್ದರಿಂದ ತೊಂದ್ರೆ ಆಗ್ಲಿಲ್ಲ, ಐಫೋನ್ ಇರೋರಿಗೆ ಈ ಹಳೇ ಬ್ಲೂಟೂತಿಂದು ಆಗಲ್ಲ, ವೈಫೈದು ಇಲ್ಲಾ ಬ್ಲೂಟೂತ್ ಎಲ್‌ಇ ಇರೋದು ತಗೋಬೇಕು.

ಮೊದಲನೇ ವಾರ ಆ್ಯಪು ಸರಾಸರಿ 17.1 ಅಂತ ತೋರಿಸ್ತು. ಟ್ಯಾಂಕ್ ಫುಲ್ ಮಾಡಿಸಿ ಡೈರೀಲಿ ಲೆಕ್ಕ ಹಾಕಿದ್ರೆ 13.4! ಡೈರಿ ಇಲ್ದೇ ಇದ್ದಿದ್ರೆ ನಾನು ಆ 17.1 ನಂಬ್ಕೊಂಡು, ಅಬ್ಬಾ ಕಾರು ಚೆನ್ನಾಗೇ ಇದೆ ಅಂತ ಖುಷಿಯಾಗಿ ಇದ್ದುಬಿಡ್ತಿದ್ದೆ. ಈ ವ್ಯತ್ಯಾಸಕ್ಕೆ ಎರಡು ಕಾರಣ ಸಿಕ್ಕಿತು. ಒಂದು, ಆ್ಯಪಲ್ಲಿ ಇಂಜಿನ್ ಎಷ್ಟು ಲೀಟರಿಂದು, ಸಿಲಿಂಡರ್ ಎಷ್ಟು ಮಟ್ಟಿಗೆ ಗಾಳಿ ತುಂಬ್ಕೊಳ್ಳುತ್ತೆ ಅನ್ನೋ ಸೆಟ್ಟಿಂಗ್ ನಾವೇ ಕೊಡ್ಬೇಕು, ಅದು ತಪ್ಪಿದ್ರೆ ಎಲ್ಲಾ ತಪ್ಪು. ಎರಡನೇದು ಇ20. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇದೆಯಲ್ಲ, ಎಥನಾಲಿಗೆ 14.7 ಅಲ್ಲ, 9 ಪಟ್ಟು ಗಾಳಿ ಸಾಕು, ಹಾಗಾಗಿ ಇ20ಗೆ ಲೆಕ್ಕ 13.5ರ ಹತ್ತಿರ ಬರುತ್ತೆ. ಅಷ್ಟೇ ಗಾಳಿಗೆ ಇಂಜಿನ್ ಹೆಚ್ಚು ಪೆಟ್ರೋಲ್ ಹಾಕ್ತಿರುತ್ತೆ, ಆದ್ರೆ ಆ್ಯಪಿಗೆ ಅದು ಗೊತ್ತಿಲ್ಲ, ಅದು 14.7ರಲ್ಲೇ ಲೆಕ್ಕ ಹಾಕಿ ಏನಿಲ್ಲ ಅಂದ್ರೂ 8 ಪರ್ಸೆಂಟ್ ಜಾಸ್ತಿ ಮೈಲೇಜ್ ತೋರ್ಸುತ್ತೆ. ಇದು ಡಾಂಗಲ್ಲಿಗೆ ಮಾತ್ರ ಅಲ್ಲ, ಅದೇ ಸೂತ್ರ ಇಟ್ಕೊಂಡಿರೋ 6,800ರ ಮೀಟರಿಗೂ ಇದೇ ಕಥೆ. ತಿದ್ದೋಕೆ ದಾರಿ ಒಂದೇ, ಎರಡು ಮೂರು ಸಲ ಟ್ಯಾಂಕ್ ಫುಲ್ ಮಾಡಿಸಿ, ಬಂಕಿನ ಲೀಟರಿಗೆ ಆ್ಯಪನ್ನ ಹೊಂದಿಸ್ಬೇಕು. ಹೊಂದಿಸಿದ್ಮೇಲೆ ನಂದು ಬಂಕಿನ ಲೆಕ್ಕಕ್ಕೆ ಅರ್ಧ ಕಿಲೋಮೀಟರ್ ಆಚೀಚೆ ಬಂತು.

ಹಾಗಾದ್ರೆ ಡೈರಿ ಆಗ್ಲೇ ಹೇಳಿದ್ದನ್ನ ಹೇಳೋಕೆ ಇದೊಂದು ಡಬ್ಬಿ ಯಾಕೆ, ವಾಪಸ್ ಕೊಟ್ಬಿಡೋಣ ಅಂತಾನೇ ಇದ್ದೆ. ಆದ್ರೆ ಆ್ಯಪಿನ ಸ್ಕ್ರೀನಲ್ಲಿ ಮೈಲೇಜ್ ಪಕ್ಕದಲ್ಲಿ ಇನ್ನೊಂದು ದುಂಡು ಇತ್ತು, ಕೂಲಂಟ್ ಟೆಂಪರೇಚರ್, ಅಂದ್ರೆ ಇಂಜಿನ್ ತಣ್ಣಗಿಡೋ ನೀರು ಎಷ್ಟು ಬಿಸಿ ಇದೆ ಅಂತ. ಬೆಳಿಗ್ಗೆ ಮನೆಯಿಂದ ಹೊರಟಾಗ 26 ಡಿಗ್ರಿ, ಹೊಳೆ ದಾಟೋಷ್ಟರಲ್ಲಿ 55, ಮಲವಗೊಪ್ಪದ ಹತ್ರ 64, ಸರಿ ಏರ್ತಿದೆ ಅಂದ್ಕೊಂಡೆ, ಮಾಚೇನಹಳ್ಳಿ ದಾಟಿ ರಸ್ತೆ ಖಾಲಿ ಸಿಕ್ಕಿ 70ರಲ್ಲಿ ಹೋಗ್ತಿದ್ರೆ 61ಕ್ಕೆ ಇಳೀತು. ಭದ್ರಾವತೀಲಿ ಟ್ರಾಫಿಕ್ಕಲ್ಲಿ ನಿಂತಾಗ 71, ಮತ್ತೆ ಹೊರಟ್ರೆ 65. ಕಾಲೇಜ್ ಗೇಟಲ್ಲಿ 66. ನಂಗೆ ಇದ್ರಲ್ಲಿ ಏನೂ ತಪ್ಪು ಕಾಣ್ಲಿಲ್ಲ, ತಣ್ಣಗಿದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡಿದ್ದೆ. ಸ್ಕ್ರೀನ್‌ಶಾಟ್ ತೆಗೆದು ಮೈದುನಂಗೆ ಕಳಿಸಿದ್ದಕ್ಕೆ ಅವನು ತಕ್ಷಣ ಫೋನ್ ಮಾಡಿ "ಅತ್ತಿಗೆ, ನನ್ ಕಾರು ಐದು ನಿಮಿಷಕ್ಕೆ 85 ದಾಟಿ 90ರ ಹತ್ರ ನಿಂತುಬಿಡುತ್ತೆ, ಮಳೆ ಇರ್ಲಿ ಬಿಸಿಲಿರ್ಲಿ ಅಲ್ಲೇ ಇರುತ್ತೆ. ನಿಮ್ದು ಥರ್ಮೋಸ್ಟ್ಯಾಟ್ ಹೋಗಿದೆ, ತೋರ್ಸಿ" ಅಂದ.

ಆಗ ನೆನಪಾಯ್ತು. ಜನವರೀಲಿ ರೇಡಿಯೇಟರ್ ಸೋರ್ತಿದೆ ಅಂತ ಒಂದು ಕಡೆ ರಿಪೇರಿ ಮಾಡಿಸಿದ್ದೆ. ಡೈರಿ ತಿರುವಿ ನೋಡಿದ್ರೆ ಕರೆಕ್ಟಾಗಿ ಅಲ್ಲಿಂದಾನೇ ಮೈಲೇಜ್ ಇಳಿಯೋಕೆ ಶುರುವಾಗಿದ್ದು, ಜನವರಿ 14ಕ್ಕೆ ಮೊದ್ಲು 14.7, ಆಮೇಲೆ 13.8, 13.5, 13.3.

ನಮ್ಮ ಬೀದಿ ಕೊನೇಲಿರೋ ಗ್ಯಾರೇಜ್ ಅಣ್ಣನ ಹತ್ರ ತಗೊಂಡು ಹೋದೆ. ಇಂಜಿನ್ ಪೂರ್ತಿ ಆರೋವರೆಗೂ ಕಾದು, ಥರ್ಮೋಸ್ಟ್ಯಾಟ್ ವಾಲ್ವ್ ಕೂರೋ ಹೌಸಿಂಗಿನ ಎರಡು ಬೋಲ್ಟ್ ಬಿಚ್ಚಿ, ಪೈಪ್ ಸರಿಸಿ, ಬೆರಳು ಒಳಗೆ ಹಾಕಿ ತಡವಿದ್ರು. ಆಮೇಲೆ ಟಾರ್ಚ್ ಹಿಡಿದು ನಂಗೂ ತೋರಿಸಿದ್ರು, "ಮೇಡಂ, ವಾಲ್ವ್ ಕೆಟ್ಟಿರೋದಲ್ಲ, ಇಲ್ಲಿ ವಾಲ್ವೇ ಇಲ್ಲ". ಖಾಲಿ ತೂತು. ರೇಡಿಯೇಟರ್ ಕೆಲಸ ಮಾಡ್ದೋರು ಥರ್ಮೋಸ್ಟ್ಯಾಟ್ ವಾಲ್ವನ್ನ ತೆಗೆದು ಬಿಸಾಕಿ ಹಾಗೇ ಮುಚ್ಚಿ ಕಳಿಸಿದ್ರು. ಇದು ನಮ್ಮ ಕಡೆ ತುಂಬಾ ಕಡೆ ಮಾಡ್ತಾರಂತೆ, ನಮ್ಮ ಬಿಸಿಲಿಗೆ ವಾಲ್ವ್ ಬೇಕಾಗಿಲ್ಲ, ಗಾಡಿ ಬಿಸಿಯಾಗಿದೆ ಅಂತ ಗಿರಾಕಿ ವಾಪಸ್ ಬರಲ್ಲ ಅನ್ನೋದು ಅವರ ಲೆಕ್ಕ. ನಂಗೆ ತುಂಬಾ ಸಿಟ್ಟು ಬಂತು, ಈಗ್ಲೂ ಇದೆ. ನನ್ ಗಾಡಿಯಿಂದ ಒಂದು ಭಾಗ ತೆಗೆದು ಹಾಕಿ, ತೆಗೆದಿದೀನಿ ಅಂತ ಒಂದು ಮಾತೂ ಹೇಳ್ದೆ ಕಳ್ಸೋದು ಯಾವ ನ್ಯಾಯ?

ಆ ವಾಲ್ವ್ ಮಾಡೋ ಕೆಲಸ ಇಷ್ಟೇ: ಇಂಜಿನ್ ತಣ್ಣಗಿರೋವಾಗ ನೀರು ರೇಡಿಯೇಟರಿಗೆ ಹೋಗದಂಗೆ ಬಾಗಿಲು ಮುಚ್ಚಿ ಬೇಗ ಬಿಸಿಯಾಗೋಕೆ ಬಿಡೋದು, ಬಿಸಿಯಾದ್ಮೇಲೆ ಎಷ್ಟು ಬೇಕೋ ಅಷ್ಟು ತೆಗೆಯೋದು. ಅದಿಲ್ಲ ಅಂದ್ರೆ ಮೊದಲ ನಿಮಿಷದಿಂದ್ಲೇ ನೀರು ಪೂರ್ತಿ ರೇಡಿಯೇಟರ್ ಸುತ್ತಿ ತಣ್ಣಗಾಗ್ತಾ ಇರುತ್ತೆ. ಕಂಪ್ಯೂಟರ್ ಪಾಪ, ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದ್ಕೊಂಡು ಪೆಟ್ರೋಲ್ ಸ್ವಲ್ಪ ಜಾಸ್ತೀನೇ ಹಾಕ್ತಾ ಹೋಗುತ್ತೆ, ಆಯಿಲ್ಲೂ ಗಟ್ಟಿಯಾಗೇ ಇರುತ್ತೆ, ತಿರುಗಿಸೋಕೆ ಶ್ರಮ ಜಾಸ್ತಿ, ಸವೆತಾನೂ ಜಾಸ್ತಿ. ಹೊಸ ವಾಲ್ವ್, ಕೂಲಂಟ್, ಕೂಲಿ ಎಲ್ಲಾ ಸೇರಿ 1,650 ಆಯ್ತು. ಮರುದಿನ ಬೆಳಿಗ್ಗೆ ನಾಲ್ಕು ಕಿಲೋಮೀಟರಿಗೆ 84, ಆಮೇಲೆ ಭದ್ರಾವತಿವರೆಗೂ 86ರಿಂದ 90ರ ಮಧ್ಯೆ ನಿಂತೇ ಇತ್ತು. ಮುಂದಿನ ಎರಡು ಟ್ಯಾಂಕಿಗೆ ಡೈರೀಲಿ 14.2, 14.3.

15.2ಕ್ಕೆ ಯಾಕೆ ವಾಪಸ್ ಹೋಗ್ಲಿಲ್ಲ ಅಂದ್ರೆ ಉಳಿದಿದ್ದು ಬಹುಪಾಲು ಇ20 ಅಂತ ನನ್ನ ಲೆಕ್ಕ. ಎಥನಾಲಲ್ಲಿ ಪೆಟ್ರೋಲಿಗಿಂತ ಲೀಟರಿಗೆ ಮೂರನೇ ಒಂದು ಭಾಗ ಶಕ್ತಿ ಕಡಿಮೆ, 20 ಪರ್ಸೆಂಟ್ ಬೆರೆಸಿದ್ರೆ ಒಟ್ಟು ಶಕ್ತೀಲಿ ಆರೇಳು ಪರ್ಸೆಂಟ್ ಕಡಿಮೆ ಆಗುತ್ತೆ. 15.2ರಲ್ಲಿ ಆರು ಪರ್ಸೆಂಟ್ ಕಳೀರಿ, 14.3 ಬರುತ್ತೆ. ಇದಕ್ಕೆ ಯಾವ ಮೀಟರ್ ತಗೊಂಡ್ರೂ ಏನೂ ಮಾಡೋಕಾಗಲ್ಲ.

ಇಷ್ಟಾದ್ಮೇಲೆ ನಿಜವಾಗ್ಲೂ ಮೈಲೇಜ್ ನೋಡ್ಕೊಂಡು ಓಡಿಸೋದು ಶುರು ಮಾಡ್ದೆ, ನನ್ನ ಕಾಲಿಂದ ಎಷ್ಟು ಹೋಗ್ತಿದೆ ಅಂತ ನೋಡೋಣ ಅಂತ. ಆರು ವಾರ ನೋಡ್ದೆ. ಅದ್ರಲ್ಲಿ ನಂಗೆ ಕಣ್ಣಿಗೆ ಹೊಡೆದಿದ್ದು ಸ್ಕೂಲಿನ ಗೇಟು. ಮಧ್ಯಾಹ್ನ ಮಗಳನ್ನ ಕರ್ಕೊಂಡು ಬರೋಕೆ ಹೋದಾಗ ಬಿಸಿಲು, ಧೂಳು ಅಂತ ಕಿಟಕಿ ಏರಿಸಿ ಎಸಿ ಹಾಕ್ಕೊಂಡು ಕಾಲು ಗಂಟೆ ಕೂತಿರ್ತಿದ್ದೆ. ಮೀಟರ್ ಗಂಟೆಗೆ 1 ಲೀಟರ್ ಅಂತ ತೋರಿಸ್ತಾ ಇತ್ತು, ಎಸಿ ಆಫ್ ಮಾಡಿದ್ರೆ 0.7. ಗಾಡಿ ಅಲುಗಾಡ್ತಾನೂ ಇಲ್ಲ, ಮೈಲೇಜ್ ಸೊನ್ನೆ. ಕಾಲು ಗಂಟೆಗೆ ಕಾಲು ಲೀಟರ್, 26 ರೂಪಾಯಿ, ತಿಂಗಳಿಗೆ 24 ದಿನ ಅಂದ್ರೆ 600 ರೂಪಾಯಿ ಮೇಲೆ. ಈಗ ರಸ್ತೆ ಆಚೆ ಹೊಂಗೆ ಮರದ ಕೆಳಗೆ ನಿಲ್ಸಿ, ಆಫ್ ಮಾಡಿ, ಕಿಟಕಿ ಇಳಿಸಿ ಕೂರ್ತೀನಿ, ಅಲ್ಲಿ ಗಾಳೀನೂ ಇದೆ.

ಬೆಳಿಗ್ಗೆ ತಣ್ಣಗಿರೋ ಇಂಜಿನ್ನಲ್ಲಿ ಮೊದಲ ಎರಡು ಕಿಲೋಮೀಟರ್ 7, 8 ಅಷ್ಟೇ ಬರೋದು. ಹಾಗಾಗಿ ಹಾಲಿಗೊಂದ್ಸಲ ತರಕಾರಿಗೊಂದ್ಸಲ ಅಂತ ಕಾರ್ ತೆಗೆಯೋದು ನಿಲ್ಸಿದೀನಿ, ಕಾಲೇಜಿಂದ ಬರೋವಾಗ್ಲೇ ಎಲ್ಲಾ ಮುಗಿಸ್ತೀನಿ. ಖಾಲಿ ರಸ್ತೇಲಿ ಐದನೇ ಗೇರಲ್ಲಿ 65ರಲ್ಲಿ ಹೋದ್ರೆ 20ರ ಮೇಲೆ ತೋರ್ಸುತ್ತೆ, 80ರಲ್ಲಿ 18, 100 ಮುಟ್ಟಿದ್ರೆ 14ಕ್ಕೆ ಬಂತು. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತೆ ಅಂತ ನಾನೇ ಕ್ಲಾಸಲ್ಲಿ ಹೇಳ್ಕೊಡೋಳು, ಫಿಸಿಕ್ಸ್ ನಂದು, ಆದ್ರೂ ನನ್ನ ಪೆಟ್ರೋಲಲ್ಲಿ ಅದನ್ನ ನೋಡಿದ್ದು ಇದೇ ಮೊದ್ಲು. ಟೈರಿನ ವಿಷಯದಲ್ಲಿ ಮಾತ್ರ ನಾನು ಅಂದ್ಕೊಂಡಷ್ಟು ಏನೂ ಆಗ್ಲಿಲ್ಲ. ಹಿಂದಿನ ಎರಡೂ ಟೈರಲ್ಲಿ 32 ಇರ್ಬೇಕಾದ ಜಾಗದಲ್ಲಿ 25 ಇತ್ತು, ತುಂಬಿಸಿದೆ, ಗಾಡಿ ಹಗುರ ಆಗಿದ್ದು ಕೈಗೆ ಗೊತ್ತಾಯ್ತು, ಮೀಟರಲ್ಲಿ ಬೇರೆ ಮಾಡಿ ಹೇಳೋಷ್ಟು ಕಾಣ್ಲಿಲ್ಲ. ಆದ್ರೂ ಟೈರಿನ ಆಯಸ್ಸಿಗೆ, ಬ್ರೇಕಿಗೆ ಅದು ಬೇಕೇ ಬೇಕು.

ಇನ್ನು ಆಗುಂಬೆ ಘಾಟಿ. ಅತ್ತೆ ಮನೆ ಉಡುಪಿ, ಮೇ ತಿಂಗಳ ರಜೆಗೆ ಎಲ್ರೂ ಹೊರಟಿದ್ವಿ, ಅಪ್ಪಾನೂ ಇದ್ರು. ಇಳಿಜಾರು ಶುರುವಾಗ್ತಿದ್ದಂಗೆ ಹಿಂದಿನ ಸೀಟಿಂದ ಅಪ್ಪ "ನ್ಯೂಟ್ರಲ್ ಮಾಡು ಪುಟ್ಟಿ, ಸುಮ್ನೆ ಯಾಕೆ ಪೆಟ್ರೋಲ್ ಸುಡ್ತೀಯಾ" ಅಂದ್ರು. ಇದು ನಮ್ಮಿಬ್ಬರ ಮಧ್ಯೆ ಹತ್ತು ವರ್ಷದ ಜಗಳ. ನಾನು ಎರಡನೇ ಗೇರಲ್ಲೇ ಇಳಿಸೋದು, ಹದಿನಾಲ್ಕು ತಿರುವು, ಬ್ರೇಕೊಂದನ್ನೇ ನಂಬಿದ್ರೆ ಕೆಳಗೆ ಬರೋಷ್ಟರಲ್ಲಿ ಕಾದು ಹೋಗಿರುತ್ತೆ. ಅಪ್ಪ ಅದಕ್ಕೆ "ಸುರಕ್ಷತೆಗೆ ಸರಿ, ಆದ್ರೆ ಪೆಟ್ರೋಲ್ ಜಾಸ್ತಿ ಅನ್ನೋದು ಒಪ್ಕೋ" ಅಂತಿದ್ರು. ನಾನು ಒಪ್ತಿರ್ಲಿಲ್ಲ, ಆದ್ರೆ ತೋರ್ಸೋಕೆ ನನ್ ಹತ್ರ ಏನೂ ಇರ್ಲಿಲ್ಲ.

ಈ ಸಲ ಇತ್ತು. ನಮ್ಮನೆಯವರು ಮುಂದಿನ ಸೀಟಲ್ಲಿ ಫೋನ್ ಹಿಡ್ಕೊಂಡಿದ್ರು. ಮೊದ್ಲು ಮೈಲೇಜ್ ನೋಡಿದ್ರೆ ಅಲ್ಲೂ ಆ್ಯಪ್ ತಪ್ಪು ಲೆಕ್ಕ ಕೊಡ್ತಿತ್ತು, ಇಂಜಿನ್ ಗಾಳಿ ಎಳೀತಾನೇ ಇರುತ್ತಲ್ಲ, ಗಾಳಿ ಇದ್ದಮೇಲೆ ಪೆಟ್ರೋಲೂ ಇದೆ ಅಂದ್ಕೊಂಡು ಲೆಕ್ಕ ಹಾಕ್ತಿತ್ತು. ಅದಕ್ಕೆ ಆಕ್ಸಿಜನ್ ಸೆನ್ಸರಿನ ಗ್ರಾಫ್ ಹಾಕಿಸ್ದೆ. ಸೈಲೆನ್ಸರ್ ಪೈಪಲ್ಲಿ ಕೂತು ಹೊಗೇಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡೋ ಈ ಸೆನ್ಸರ್ ಇಂಜಿನ್ ಮಾಮೂಲಾಗಿ ಉರೀತಿದ್ರೆ 0.1ರಿಂದ 0.9 ವೋಲ್ಟ್ ಮಧ್ಯೆ ಒಂದೇ ಸಮ ಏರಿಳೀತಾ ಇರುತ್ತೆ, ಇಸಿಜಿ ಇದ್ದಂಗೆ. ಎರಡನೇ ಗೇರು, ಆಕ್ಸಿಲರೇಟರಿಂದ ಕಾಲು ಪೂರ್ತಿ ತೆಗೆದೆ. ಒಂದು ಸೆಕೆಂಡು ಕುಣಿದ ಗೆರೆ ಸೊನ್ನೆಗೆ ಬಿದ್ದು ಹಾಗೇ ಮಲಗ್ತು. ಹೊರಗೆ ಬರ್ತಿರೋದು ಬರೀ ಗಾಳಿ, ಒಳಗೆ ಒಂದು ಹನೀನೂ ಹೋಗ್ತಿಲ್ಲ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಪೂರ್ತಿ ಬಂದ್, ಚಕ್ರಾನೇ ಇಂಜಿನ್ನನ್ನ ತಿರುಗಿಸ್ತಿದೆ. ಎರಡು ತಿರುವಿನ ಮಧ್ಯೆ ಸ್ವಲ್ಪ ನೇರ ಜಾಗ ಸಿಕ್ಕಾಗ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಬ್ರೇಕ್ ಮೇಲೆ ಕಾಲಿಟ್ಟು ಎರಡೇ ಎರಡು ಸೆಕೆಂಡ್ ಕ್ಲಚ್ ಒತ್ತಿದೆ, ಗೆರೆ ಎದ್ದು ಮತ್ತೆ ಕುಣಿಯೋಕೆ ಶುರು. ಅಂದ್ರೆ ನ್ಯೂಟ್ರಲಲ್ಲಿ ಇಂಜಿನ್ ಆರದಂಗೆ ನೋಡ್ಕೊಳ್ಳೋಕೆ ಪೆಟ್ರೋಲ್ ಬೇಕೇ ಬೇಕು, ಗೇರಲ್ಲಿದ್ರೆ ಬೇಡ.

ಅಪ್ಪ ಮುಂದಕ್ಕೆ ಬಗ್ಗಿ ಕನ್ನಡಕ ಸರಿ ಮಾಡ್ಕೊಂಡು ಆ ಗೆರೆ ನೋಡಿದ್ರು. "ಮತ್ತೆ ನಮ್ ಕಾಲದಲ್ಲಿ?" ಅಂದ್ರು. ಅವರ ಕಾಲದಲ್ಲಿ ಅವರು ಹೇಳ್ತಿದ್ದಿದ್ದೂ ತಪ್ಪೇನಲ್ಲ, ಕಾರ್ಬ್ಯುರೇಟರ್ ಗಾಡೀಲಿ ಗೇರಲ್ಲಿ ಇಳಿಸಿದ್ರೂ ಇಂಜಿನ್ ತಿರುಗಿದಷ್ಟೂ ಪೆಟ್ರೋಲ್ ಹೀರ್ಕೊಳ್ತಾನೇ ಇರೋದು, ಮುಚ್ಚು ಅಂತ ಹೇಳೋಕೆ ಅಲ್ಲಿ ಕಂಪ್ಯೂಟರ್ ಎಲ್ಲಿತ್ತು. ಆದ್ರೆ ಅವಾಗ್ಲೂ ಕೆಲವರು ಘಾಟೀಲಿ ಇಂಜಿನ್ನೇ ಆಫ್ ಮಾಡಿ ಇಳಿಸ್ತಿದ್ರಲ್ಲ, ದಯವಿಟ್ಟು ಯಾರೂ ಮಾಡ್ಬೇಡಿ, ಈಗಿನ ಗಾಡೀಲಂತೂ ಇಂಜಿನ್ ನಿಂತ್ರೆ ಬ್ರೇಕಿಗೆ ಸಿಗೋ ಬೂಸ್ಟರ್ ಬಲಾನೂ ಎರಡು ಮೂರು ಒತ್ತಿಗೆ ಮುಗಿಯುತ್ತೆ, ಪವರ್ ಸ್ಟಿಯರಿಂಗೂ ಇರಲ್ಲ. ಸೋಮೇಶ್ವರದವರೆಗೂ ಅಪ್ಪ ಮತ್ತೆ ನ್ಯೂಟ್ರಲ್ ಮಾತೆತ್ತಲಿಲ್ಲ.

ಆರು ವಾರ ಕಳೆದ್ಮೇಲೆ ಡೈರೀಲಿ 15.5 ಬಂತು. 14.3ರಿಂದ 15.5 ಅಂದ್ರೆ ತಿಂಗಳಿಗೆ ಐದು ಲೀಟರ್ ಮೇಲೆ ಉಳಿತಾಯ. ಆದ್ರೆ ಒಂದು ವಿಷಯ ಗಮನಿಸ್ದೆ, ಕೊನೇ ಎರಡು ವಾರ ನಾನು ಮೀಟರ್ ನೋಡೋದೇ ಕಡಿಮೆ ಮಾಡಿದ್ದೆ. ಎಲ್ಲಿ ಕಾಲು ತೆಗೀಬೇಕು, ಯಾವಾಗ ಮುಂದಿನ ಗೇರಿಗೆ ಹೋಗ್ಬೇಕು ಅಂತ ಕಾಲಿಗೇ ಗೊತ್ತಾಗಿತ್ತು. ಸಿಗ್ನಲ್ ಕೆಂಪಿರೋದು ದೂರದಿಂದ್ಲೇ ಕಂಡ್ರೆ ಗೇರಲ್ಲೇ ಕಾಲು ಬಿಟ್ಟು ಹೋಗೋದು, ಇಷ್ಟು ಕಲಿಯೋಕೆ ವರ್ಷ ಪೂರ್ತಿ ಕಣ್ಣೆದುರಿಗೆ ಒಂದು ಮೀಟರ್ ಬೇಕಾಗಿಲ್ಲ.

ಅದಕ್ಕೆ 6,800ರದ್ದನ್ನ ಕಾರ್ಟಿಂದ ತೆಗೆದೆ. ತಗೊಂಡು ಐದು ಪರ್ಸೆಂಟ್ ಉಳಿದ್ರೂ ನನ್ನ ಓಡಾಟಕ್ಕೆ ತಿಂಗಳಿಗೆ 380 ರೂಪಾಯಿ ಹತ್ರ ಆಗುತ್ತೆ, ಹಾಕಿದ ದುಡ್ಡು ವಾಪಸ್ ಬರೋಕೆ ಒಂದೂವರೆ ವರ್ಷ, ಅದೂ ನಾನು ಒಂದೂವರೆ ವರ್ಷ ಅದನ್ನ ನೋಡ್ತಾನೇ ಇದ್ರೆ. ಮೇಲಾಗಿ ಬರೀ ಮೈಲೇಜ್ ತೋರ್ಸೋ ಮೀಟರ್ ಆಗಿದ್ರೆ ನಂಗೆ 13.3 ಅಂತ ಹೇಳಿ ಸುಮ್ನಾಗ್ತಿತ್ತು, ಅದನ್ನ ಡೈರಿ ಆಗ್ಲೇ ಹೇಳಿತ್ತು. ಯಾಕೆ ಅಂತ ಹೇಳಿದ್ದು ಪಕ್ಕದಲ್ಲಿದ್ದ ಟೆಂಪರೇಚರ್. ಆದ್ರಿಂದ ನಾನು 750 ರೂಪಾಯಿ ಕೊಟ್ಟು ಡಾಂಗಲ್ಲೇ ತಗೊಂಡೆ, ಎರಡು ತಿಂಗಳೊಳಗೆ ಅದರ ದುಡ್ಡು ಬಂದಾಯ್ತು.

ತಗೊಳ್ಳೋರು ಆನ್ ಆಫ್ ಸ್ವಿಚ್ ಇರೋದು ನೋಡಿ ತಗೊಳ್ಳಿ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟು, ಕೀ ತೆಗೆದ್ರೂ ಬರ್ತಾನೇ ಇರುತ್ತೆ. ಮೈದುನಂದು ನಾನು ಹತ್ತು ದಿನ ಸಿಗಿಸೇ ಬಿಟ್ಟಿದ್ದೆ, ಗಾಡಿ ತೆಗ್ದಿರ್ಲಿಲ್ಲ, ಹನ್ನೊಂದನೇ ದಿನ ಸೆಲ್ಫ್ ಹೊಡೆದ್ರೆ ಟಕ್ ಟಕ್ ಅಂತು ಅಷ್ಟೇ. ಬರೀ 45 ಮಿಲಿಆಂಪ್ ಅಂದ್ರೂ ಹತ್ತು ದಿನಕ್ಕೆ ಸುಮಾರು 11 ಆಂಪಿಯರ್ ಅವರ್, ನಮ್ಮ ಚಿಕ್ಕ ಬ್ಯಾಟರಿಯ ಮೂರನೇ ಒಂದು ಭಾಗ, ಅದೂ ಹಳೇ ಬ್ಯಾಟರಿ. ಮತ್ತೆ ಪೇರಿಂಗ್ ಪಾಸ್‌ವರ್ಡ್ ಬಹಳಷ್ಟು ಡಾಂಗಲಲ್ಲಿ 1234 ಅಂತಾನೇ ಇರುತ್ತೆ, ಪಕ್ಕದ ಗಾಡಿಯೋರೂ ಸಿಗಿಸ್ಕೋಬಹುದು, ಬೇಡದಾಗ ತೆಗೆದಿಡೋದೇ ವಾಸಿ.

ಅದೇ ಸಾಕೆಟ್ಟಿಗೆ ಹಾಕಿದ್ರೆ ತಂತಾನೇ ಮೈಲೇಜ್ ಜಾಸ್ತಿ ಮಾಡುತ್ತೆ ಅಂತ ಇನ್ನೊಂದು ತರದ ಡಬ್ಬಿ ಮಾರ್ತಾರೆ, ಅದನ್ನ ಮಾತ್ರ ತಗೋಬೇಡಿ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಇಂಥ ಪೆಟ್ರೋಲ್ ಉಳಿಸೋ ಸಾಮಾನುಗಳನ್ನ ನೂರಕ್ಕೂ ಹೆಚ್ಚು ಪರೀಕ್ಷೆ ಮಾಡಿ ನೋಡಿದೆ, ಹೇಳ್ಕೊಳ್ಳೋಷ್ಟು ಮೈಲೇಜ್ ಕೊಟ್ಟಿದ್ದು ಒಂದೂ ಇಲ್ಲ.

ಕೆಮಿಸ್ಟ್ರಿ ಮೇಡಂ ತರ ಕಾರಲ್ಲೇ ಮೀಟರ್ ಬಂದಿದ್ರೆ ಅದೇ ಸಾಕು, ಆದ್ರೆ ಅದನ್ನೂ ಒಂದ್ಸಲ ಬಂಕಿನ ಲೆಕ್ಕಕ್ಕೆ ಹಿಡಿದು ನೋಡಿ. ಡೀಸೆಲ್ ಗಾಡಿಯೋರು ಈ ಗಾಳಿ ಲೆಕ್ಕದ ಮೈಲೇಜ್ ನಂಬ್ಬೇಡಿ, ಡೀಸೆಲಲ್ಲಿ ಗಾಳಿಗೂ ಡೀಸೆಲಿಗೂ ಒಂದೇ ಪ್ರಮಾಣ ಅನ್ನೋದು ಇಲ್ವೇ ಇಲ್ಲ. ದಿನಾ ನೂರಾರು ಕಿಲೋಮೀಟರ್ ಓಡಿಸೋ ಟ್ಯಾಕ್ಸಿಯೋರಿಗೆ, ಅಥವಾ ಲೀಟರಿಗೆ 9 ಕೊಡೋ ಹಳೇ ದೊಡ್ಡ ಪೆಟ್ರೋಲ್ ಗಾಡಿ ಇರೋರಿಗೆ ದುಬಾರಿ ಮೀಟರೂ ಬೇಗ ಗಿಟ್ಟುತ್ತೆ. ಜನ 9ರಿಂದ 10ಕ್ಕೆ ಹೋದ್ರೆ ಏನು ಮಹಾ ಅಂತಾರೆ, ಆದ್ರೆ ಸಾವಿರ ಕಿಲೋಮೀಟರಿಗೆ ಅದು 11 ಲೀಟರ್ ಉಳಿತಾಯ. ನಮ್ಮನೆಯವರ ಬೈಕು 50ರಿಂದ 60ಕ್ಕೆ ಹೋದ್ರೂ ಉಳಿಯೋದು 3.3 ಲೀಟರ್. ಇದನ್ನ ಬೋರ್ಡ್ ಮೇಲೆ ಬರೆದು ತೋರ್ಸಿದ್ರೆ ನಮ್ಮ ಸ್ಟಾಫ್ ರೂಮಲ್ಲಿ ಅರ್ಧ ಗಂಟೆ ಚರ್ಚೆ ಆಯ್ತು.

ನನ್ನ ಡಾಂಗಲ್ ಈಗ ಗ್ಲೋವ್ ಬಾಕ್ಸಲ್ಲಿ, ಡೈರಿ ಪಕ್ಕದಲ್ಲೇ ಇರುತ್ತೆ. ತಿಂಗಳಿಗೊಂದ್ಸಲ ಹಾಕಿ ಟೆಂಪರೇಚರ್ ನೋಡಿ ತೆಗೀತೀನಿ, ಡೈರೀಲಿ ಅಂಕಿ ಇಳಿದ್ರೆ ಆಗ ಕೂತು ಉಳಿದಿದ್ದೆಲ್ಲಾ ನೋಡ್ತೀನಿ. ಹೋದ ವಾರ ಫುಲ್ ಮಾಡಿಸಿದಾಗ 15.4. ದಸರಾ ರಜೆಗೆ ಮತ್ತೆ ಉಡುಪಿಗೆ ಹೊರಟಿದೀವಿ, ಘಾಟೀಲಿ ಮುಂದಿನ ಸೀಟು ನಂದು, ಫೋನ್ ನಾನೇ ಹಿಡ್ಕೊಳ್ಳೋದು ಅಂತ ಅಪ್ಪ ಈಗ್ಲೇ ಅಳಿಯಂಗೆ ಹೇಳಿಟ್ಟಿದಾರೆ.